ಆ ನಂಬರನ್ನು ಎಷ್ಟು ನಂಬೋದು?

ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರನ್ನು ಕಾರ್ಖಾನೆಯವರು ಬರೆದ ವೇಗಕ್ಕಿಂತ ಜೋರಾಗಿ ಓಡಿಸುವುದು, ನನ್ನ ಹವ್ಯಾಸ ಅಂದ ತಕ್ಷಣ ಎದುರಿಗಿರುವವರು ಕೇಳುವುದು ಒಂದೇ ಪ್ರಶ್ನೆ: "ಅದರಿಂದ ಏನ್ ಸಿಗುತ್ತೆ?" ಮುಂಚೆ ಇದಕ್ಕೆ ಉತ್ತರ ಸುಲಭವಿತ್ತು. ಅಗ್ಗದ ಪ್ರೊಸೆಸರ್ ತಂದು ಅದರ ಕೈಲಿ ದುಬಾರಿ ಪ್ರೊಸೆಸರಿನ ಕೆಲಸ ಮಾಡಿಸುತ್ತೇವೆ ಅಂತ ಎದೆ ತಟ್ಟಿ ಹೇಳಬಹುದಿತ್ತು. ಈಗ ಹಾಗೆ ಹೇಳಿದರೆ ಅದು ಬಡಾಯಿ. ಹೊಸ ಪ್ರೊಸೆಸರುಗಳಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಚೂರುಪಾರು. ವಾರಗಟ್ಟಲೆ ತಲೆ ಕೆಡಿಸಿಕೊಂಡು ಗಳಿಸಿದ ವೇಗ ಆಟ ಆಡುವಾಗಲೋ ವಿಡಿಯೊ ಎಡಿಟ್ ಮಾಡುವಾಗಲೋ ಕಣ್ಣಿಗೆ ಕಾಣುವುದೇ ಇಲ್ಲ.

ಆದರೂ ಬಿಟ್ಟಿಲ್ಲ. ಯಾಕೆ ಅಂತ ಯೋಚಿಸಿದರೆ, ವೇಗದ ಹುಚ್ಚು ನನಗೆ ಎಂದೋ ಇಳಿದಿದೆ. ಈಗ ಹಿಡಿದಿರುವುದು ಅಳತೆಯ ಹುಚ್ಚು. ಪರದೆ ಮೇಲೆ ಒಂದು ನಂಬರ್ ಬರುತ್ತದೆ. ಅದು ನಿಜವಾ? ನಾಳೆಯೂ ಅದೇ ಬರುತ್ತಾ? ಬಂದದ್ದು ನಾನು ಬದಲಾಯಿಸಿದ ಸೆಟ್ಟಿಂಗ್‌ನಿಂದಲೇನಾ, ಇಲ್ಲಾ ಕಿಟಕಿ ತೆರೆದಿತ್ತು ಅಂತಲಾ? ಈ ಅನುಮಾನದ ರುಚಿ ಹತ್ತಿದವರು ಹವ್ಯಾಸ ಬಿಡುವುದು ಕಷ್ಟ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೊಸೆಸರ್ ತಾಳಕ್ಕೆ ಸರಿಯಾಗಿ ಕೆಲಸ ಮಾಡುವ ಯಂತ್ರ. 4 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 400 ಕೋಟಿ ತಾಳ. ಒಂದು ತಾಳಕ್ಕೂ ಮುಂದಿನದಕ್ಕೂ ನಡುವೆ ವಿದ್ಯುತ್ ಸಂಕೇತ ತನ್ನ ದಾರಿಯ ಟ್ರಾನ್ಸಿಸ್ಟರುಗಳನ್ನೆಲ್ಲ ದಾಟಿ ಗುರಿ ಮುಟ್ಟಿರಬೇಕು. ಮುಟ್ಟುವ ಮೊದಲೇ ಮುಂದಿನ ತಾಳ ಬಿದ್ದರೆ ಲೆಕ್ಕ ತಪ್ಪುತ್ತದೆ. ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್ ಚುರುಕಾಗುತ್ತದೆ, ಆದರೆ ಬಿಸಿಯೂ ಏರುತ್ತದೆ. ಕಾರ್ಖಾನೆಯವರು ಚಿಪ್ ಮೇಲೆ ಬರೆಯುವ ವೇಗ, ಆ ಹೆಸರಿನ ಪ್ರತಿಯೊಂದು ಚಿಪ್ಪೂ, ಸೆಕೆ ಇರುವ ಕೋಣೆಯಲ್ಲಿ, ಧೂಳು ಹಿಡಿದ ಫ್ಯಾನ್ ಕೆಳಗೆ, ವರ್ಷಗಟ್ಟಲೆ ತಡೆದುಕೊಳ್ಳುವ ವೇಗ. ನಮ್ಮ ಕೈಗೆ ಬಂದ ಒಂದು ಚಿಪ್ಪಿಗೆ ಅದಕ್ಕಿಂತ ಜಾಸ್ತಿ ತಾಕತ್ತು ಇರಬಹುದು. ಎಷ್ಟಿದೆ ಅನ್ನುವುದು ಅದೃಷ್ಟ. ಒಂದೇ ಡಬ್ಬಿ, ಒಂದೇ ಹೆಸರು, ಆದರೂ ಒಂದು ಚಿಪ್ ಓಡುತ್ತದೆ, ಇನ್ನೊಂದು ಮುಗ್ಗರಿಸುತ್ತದೆ.

ಈ ಹವ್ಯಾಸದ ಪುರಾಣ ಶುರುವಾಗುವುದು ಸಾಮಾನ್ಯವಾಗಿ ಇಂಟೆಲ್ ಸೆಲೆರಾನ್ 300ಎ ಇಂದ. 1998ರ ಆಗಸ್ಟ್‌ನಲ್ಲಿ ಬಂದ ಬಡವರ ಪ್ರೊಸೆಸರ್ ಅದು. ಬೋರ್ಡ್ ಕೊಡುವ ಮೂಲ ತಾಳ, ಅಂದರೆ ಬೇಸ್ ಕ್ಲಾಕ್, 66 ಮೆಗಾಹರ್ಟ್ಸ್. ಚಿಪ್ ಅದನ್ನು ಗುಣಿಸಿಕೊಳ್ಳುವ ಮಲ್ಟಿಪ್ಲೈಯರ್ 4.5. ಎರಡನ್ನೂ ಗುಣಿಸಿದರೆ ಹೆಚ್ಚುಕಡಿಮೆ 300. ಮಲ್ಟಿಪ್ಲೈಯರ್‌ಗೆ ಇಂಟೆಲ್ ಬೀಗ ಹಾಕಿತ್ತು. ಬೇಸ್ ಕ್ಲಾಕಿಗೆ ಹಾಕಿರಲಿಲ್ಲ. ಅದನ್ನು 100ಕ್ಕೆ ಏರಿಸಿದರೆ 4.5ರಿಂದ ಗುಣಿಸಿ ನೇರ 450! ಅದೇ ಹೊತ್ತಿಗೆ ಬಿಡುಗಡೆಯಾದ, ಇಂಟೆಲ್‌ನ ಎಲ್ಲಕ್ಕಿಂತ ದುಬಾರಿ ಪೆಂಟಿಯಂ 2 ಓಡುತ್ತಿದ್ದದ್ದೂ 450ರಲ್ಲೇ. ಪೆಂಟಿಯಂ 2ರ 512 ಕಿಲೋಬೈಟ್ ಕ್ಯಾಶ್ (ಪ್ರೊಸೆಸರಿನ ಪಕ್ಕದಲ್ಲೇ ಇರುವ ಚುರುಕು ಮೆಮೊರಿ) ಪ್ರೊಸೆಸರಿನ ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನಿನದು ಬರೀ 128 ಕಿಲೋಬೈಟ್, ಆದರೆ ಚಿಪ್ಪಿನೊಳಗೇ ಇದ್ದು ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಹಾಗಾಗಿ ಎಷ್ಟೋ ಕಡೆ ಎರಡೂ ಸಮಸಮ.

ಅಬಿಟ್ ಬಿಹೆಚ್6 ತರಹದ ಮದರ್‌ಬೋರ್ಡ್ ಇದ್ದವರು ಬಯೋಸ್‌ನಲ್ಲೇ (ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲೇ) ಇದನ್ನು ಮಾಡುತ್ತಿದ್ದರು. ಆ ಸೌಕರ್ಯ ಇಲ್ಲದವರು ಪ್ರೊಸೆಸರ್ ಕಾರ್ಡಿನ ಬಿ21 ಅನ್ನುವ ಒಂದೇ ಒಂದು ಸಂಪರ್ಕದ ಮೇಲೆ ಸಣ್ಣ ಟೇಪಿನ ಚೂರು ಅಂಟಿಸುತ್ತಿದ್ದರು. ಆ ಸಂಪರ್ಕ ಮುಚ್ಚಿದರೆ, ಇದು 100 ಮೆಗಾಹರ್ಟ್ಸ್‌ನ ಪ್ರೊಸೆಸರ್ ಅಂತ ಬೋರ್ಡ್ ನಂಬಿಬಿಡುತ್ತಿತ್ತು. ಒಂದು ಟೇಪಿನ ಚೂರು, ಶೇಕಡಾ 50 ವೇಗ. ಇಂಥ ಲಾಭ ಮತ್ತೆ ಸಿಗಲಿಲ್ಲ ಬಿಡಿ. ಎಎಮ್‌ಡಿ ಡ್ಯೂರಾನ್, ಥಂಡರ್‌ಬರ್ಡ್ ಅಥ್ಲಾನ್ ಕಾಲದಲ್ಲಿ ಚಿಪ್ಪಿನ ಮೇಲೆ ಎಲ್1 ಅನ್ನುವ ತುಂಡಾದ ಸೇತುವೆಗಳನ್ನು ಪೆನ್ಸಿಲ್‌ನಿಂದ ತೀಡಿ ಸೇರಿಸುತ್ತಿದ್ದರು. ಸೀಸದಕಡ್ಡಿಯ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದಲ್ವಾ, ಮಲ್ಟಿಪ್ಲೈಯರಿನ ಬೀಗ ತೆರೆದುಕೊಳ್ಳುತ್ತಿತ್ತು. 2011ರ ಜನವರಿಯಲ್ಲಿ ಬಂದ ಐ5-2500ಕೆ ಆ ಸುಗ್ಗಿಯ ಕೊನೆಯ ದೊಡ್ಡ ಹೆಸರು. ಮೂಲ ವೇಗ 3.3 ಗಿಗಾಹರ್ಟ್ಸ್. ಸಾಧಾರಣ ಏರ್ ಕೂಲರ್ ಇಟ್ಟುಕೊಂಡೇ ಜನ ಅದನ್ನು 4.5ರಲ್ಲಿ ವರ್ಷಗಟ್ಟಲೆ ಓಡಿಸಿದರು.

ಆಮೇಲೆ ಏನಾಯಿತು? ನಾವು ಮಾಡುತ್ತಿದ್ದ ಕೆಲಸವನ್ನು ಚಿಪ್ಪೇ ಕಲಿತುಕೊಂಡಿತು. 2008ರ ಕೋರ್ ಐ7ನಲ್ಲಿ ತಾನಾಗಿ ವೇಗ ಏರಿಸಿಕೊಳ್ಳುವ ಟರ್ಬೊ ಬೂಸ್ಟ್ ಬಂತು. 2012ರ ಜಿಟಿಎಕ್ಸ್ 680 ಗ್ರಾಫಿಕ್ಸ್ ಕಾರ್ಡ್ ಅದೇ ವಿದ್ಯೆಯನ್ನು ಕಲಿತು ಬಂತು. ಈಗಿನ ಪ್ರೊಸೆಸರ್ ಕ್ಷಣಕ್ಷಣವೂ ತನ್ನ ಬಿಸಿ, ಕರೆಂಟ್, ವೋಲ್ಟೇಜ್ ನೋಡಿಕೊಂಡು, ಜಾಗ ಇದ್ದಷ್ಟೂ ಮೇಲಕ್ಕೆ ಏರುತ್ತದೆ. ಎಎಮ್‌ಡಿಯ ರೈಜನ್ 7000 ಸಾಲಿನ ದೊಡ್ಡ ಚಿಪ್ಪುಗಳು ಎಲ್ಲ ಕೋರುಗಳಿಗೂ (ಚಿಪ್ಪಿನೊಳಗಿನ ಲೆಕ್ಕದ ಘಟಕಗಳಿಗೂ) ಕೆಲಸ ಬಿದ್ದಾಗ 95 ಡಿಗ್ರಿ ಮುಟ್ಟುವಂತೆಯೇ ವಿನ್ಯಾಸವಾಗಿವೆ. ಅದು ತೊಂದರೆ ಅಲ್ಲ, ಅದೇ ಗುರಿ. ಗ್ರಾಹಕನಿಗೆ ಇದು ಒಳ್ಳೆಯದೇ. ಹವ್ಯಾಸಿಗೆ ಮಾತ್ರ ಊಟ ಮುಗಿದ ಮೇಲೆ ಪಂಕ್ತಿಗೆ ಬಂದ ಹಾಗೆ.

ಉಳಿದ ಚೂರನ್ನು ಎಳೆದು ತೆಗೆಯಲು ಹೋದರೆ ಎಷ್ಟು ಖರ್ಚು ಅನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲೇ ನೋಡಬಹುದು. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜಿಗೆ ಮಾತ್ರ ವರ್ಗದ ಅನುಪಾತದಲ್ಲಿ. ವೇಗವನ್ನು 5 ಗಿಗಾಹರ್ಟ್ಸ್‌ನಿಂದ 5.5ಕ್ಕೆ ತಂದಿರಿ ಅನ್ನಿ. ಅಂದರೆ ಶೇಕಡಾ 10. ಅದಕ್ಕೋಸ್ಕರ ವೋಲ್ಟೇಜ್ 1.20ರಿಂದ 1.35ಕ್ಕೆ ಏರಿಸಬೇಕಾಯಿತು. 1.35ನ್ನು 1.20ರಿಂದ ಭಾಗಿಸಿದರೆ 1.125, ಅದರ ವರ್ಗ ಸುಮಾರು 1.27. ಅದನ್ನು 1.1ರಿಂದ ಗುಣಿಸಿದರೆ 1.39. ಹತ್ತು ಶೇಕಡಾ ವೇಗಕ್ಕೆ ಸುಮಾರು 39 ಶೇಕಡಾ ಜಾಸ್ತಿ ವಿದ್ಯುತ್ತು. 125 ವ್ಯಾಟ್ ಇದ್ದದ್ದು 174 ಆಯಿತು. ಸೋರಿಕೆಯ ಕರೆಂಟ್ ಇನ್ನೂ ಸೇರಿಸಿಲ್ಲ, ಅದು ಬಿಸಿಯ ಜೊತೆ ಏರುತ್ತಾ ಹೋಗುತ್ತದೆ. ಇದೇ ಗೋಡೆಗೆ ಇಂಟೆಲ್ಲೂ ತಲೆ ಚಚ್ಚಿಕೊಂಡಿದೆ. ಪೆಂಟಿಯಂ 4 ನಿಂತದ್ದು 3.8 ಗಿಗಾಹರ್ಟ್ಸ್‌ನಲ್ಲಿ. 4 ಗಿಗಾಹರ್ಟ್ಸ್‌ನ ಮಾದರಿ ಬರುತ್ತದೆ ಅಂತ ಹೇಳಿ, 2004ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟರು.

ಈ ಕಥೆಗೆ ಒಂದು ತಮಾಷೆಯ ತಿರುವೂ ಇದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಯಾರೂ ಮುಟ್ಟದೆಯೂ ಕ್ರ್ಯಾಶ್ ಆಗುತ್ತಿದ್ದವು. ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗುತ್ತಿತ್ತು ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಸಾಫ್ಟ್‌ವೇರ್) ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ವರ್ಷ ಓವರ್‌ಕ್ಲಾಕರುಗಳು ಎಲ್ಲರಿಗೂ ಕೊಟ್ಟ ಸಲಹೆ, ಬೋರ್ಡಿನ ವಿದ್ಯುತ್ ಮಿತಿಗಳನ್ನು ಮೊದಲು ಕೆಳಗೆ ಇಳಿಸಿಕೊಳ್ಳಿ ಅಂತ!

ಇನ್ನು ಅಳತೆಯ ವಿಷಯ. ಬೆಂಚ್‌ಮಾರ್ಕ್ ಅಂದರೆ ಎಲ್ಲ ಯಂತ್ರಕ್ಕೂ ಒಂದೇ ಪ್ರಶ್ನೆಪತ್ರಿಕೆ. ಸಿನೆಬೆಂಚ್ ಒಂದು ಚಿತ್ರವನ್ನು ರೆಂಡರ್ ಮಾಡಿ ಅಂಕ ಕೊಡುತ್ತದೆ. ಸೂಪರ್‌ಪೈ, ಹೆಸರೇ ಹೇಳುವಂತೆ, ಪೈ ಬೆಲೆಯನ್ನು ದಶಮಾಂಶದ ಆಚೆ ಲಕ್ಷಾಂತರ ಅಂಕಿಗಳವರೆಗೆ ಲೆಕ್ಕ ಹಾಕಿ ಎಷ್ಟು ಹೊತ್ತಾಯಿತು ಅಂತ ಹೇಳುತ್ತದೆ. ಅದರ ಮೂಲ 1995ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪೈ ದಾಖಲೆ ಮಾಡಿದವರ ಪ್ರೋಗ್ರಾಮು. ಒಂದೇ ಕೋರ್ ಬಳಸುವ ಮುದಿ ಪ್ರೋಗ್ರಾಮ್ ಅದು. ಇವತ್ತಿನ ನಿಜವಾದ ಕೆಲಸಕ್ಕೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಆದರೂ ಅದರ 32 ಎಂ ಓಟ (3 ಕೋಟಿಗೂ ಮೀರಿದ ಅಂಕಿಗಳ ಲೆಕ್ಕ) ನನಗೆ ಬಲು ಇಷ್ಟ. ರ‍್ಯಾಮ್ ಟೈಮಿಂಗ್‌ನಲ್ಲಿ ಕೂದಲೆಳೆಯಷ್ಟು ಬದಲಾವಣೆ ಮಾಡಿದರೂ ಅದು ಗುರುತಿಸುತ್ತದೆ. (ಟೈಮಿಂಗ್ ಅಂದರೆ ಮೆಮೊರಿ ಒಂದೊಂದು ಹೆಜ್ಜೆಗೂ ಎಷ್ಟು ತಾಳ ಕಾಯಬೇಕು ಅನ್ನುವ ಲೆಕ್ಕ.)

ಹೊಸಬರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಒಂದು ಸತ್ಯ ಒಪ್ಪಿಕೊಳ್ಳುವುದು: ಏನನ್ನೂ ಮುಟ್ಟದೆ ಅದೇ ಟೆಸ್ಟನ್ನು ಮತ್ತೆ ಓಡಿಸಿದರೂ ಅಂಕ ಬೇರೆ ಬರುತ್ತದೆ. ಹಿಂದೆ ಯಾವುದೋ ಅಪ್‌ಡೇಟ್ ಇಳಿಯುತ್ತಿರುತ್ತದೆ. ಆಂಟಿವೈರಸ್ ಎದ್ದಿರುತ್ತದೆ. ಮೊದಲ ಓಟದಲ್ಲಿ ಕೂಲರ್ ತಣ್ಣಗಿರುತ್ತದೆ, ಟರ್ಬೊ ಖುಷಿಯಾಗಿರುತ್ತದೆ. ಕೆಲವು ಸಲ ಓಡಿಸಿದ ಮೇಲೆ ತಾಮ್ರವೆಲ್ಲ ಕಾದು, ಅಂಕ ಇಳಿದು, ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಈ ಕಾರಣಕ್ಕೇ ಸಿನೆಬೆಂಚ್ ಆರ್23ರಲ್ಲಿ ಹತ್ತು ನಿಮಿಷ ಎಡೆಬಿಡದೆ ಓಡಿಸುವುದನ್ನೇ ಮಾಮೂಲು ಮಾಡಿದರು. ನಿಮ್ಮ ಯಂತ್ರದ ಅಂಕ ಸುಮ್ನೆ ಇದ್ದರೂ ಒಂದು ಶೇಕಡಾ ಆಚೀಚೆ ಓಲಾಡುತ್ತದೆ ಅಂದರೆ, ಹೊಸ ಸೆಟ್ಟಿಂಗ್‌ನಿಂದ ಅರ್ಧ ಶೇಕಡಾ ಬಂತು ಅಂತ ಕುಣಿಯುವುದರಲ್ಲಿ ಅರ್ಥ ಇಲ್ಲ. ನನ್ನ ಪದ್ಧತಿ ಸರಳ. ಏನನ್ನೂ ಮುಟ್ಟದೆ ಹಲವು ಸಲ ಓಡಿಸಿ, ಓಲಾಟ ಎಷ್ಟು ಅಂತ ಮೊದಲು ಬರೆದಿಟ್ಟುಕೊಳ್ಳುವುದು. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಕೊನೆಗೆ ಹಳೆಯ ಸೆಟ್ಟಿಂಗ್‌ಗೆ ವಾಪಸ್ ಬಂದು, ಹಳೆಯ ಅಂಕವೂ ವಾಪಸ್ ಬರುತ್ತಾ ಅಂತ ನೋಡುವುದು. ಈ ಕೊನೆಯದನ್ನು ಹೆಚ್ಚಿನವರು ಮಾಡುವುದಿಲ್ಲ. ಬೋರು ಹೊಡೆಯುತ್ತದೆ, ನಿಜ. ಆದರೆ ಕೋಣೆ ತಣ್ಣಗಾಗಿದ್ದರಿಂದ ಬಂದ ಲಾಭವನ್ನು ಪತ್ತೆ ಹಚ್ಚುವುದು ಅದೇ.

ಇದಕ್ಕಿಂತ ಮಜವಾದ ಸಂಗತಿ, ನಂಬರ್ ಏರುತ್ತಿರುವಾಗಲೇ ವೇಗ ಇಳಿಯುವುದು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ಮೆಲ್ಲಮೆಲ್ಲಗೆ ಏರಿಸುತ್ತಾ ಹೋಗಿ. ಪ್ರತಿ ಹೆಜ್ಜೆಗೂ ಅಂಕ ಸ್ವಲ್ಪ ಸ್ವಲ್ಪ ಏರುತ್ತದೆ. ಒಂದು ಹಂತ ಬಂದಾಗ ಕ್ರ್ಯಾಶ್ ಇಲ್ಲ, ಪರದೆಯಲ್ಲಿ ಚುಕ್ಕಿ ಇಲ್ಲ, ಗೆರೆ ಇಲ್ಲ, ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತದೆ. ಅಂಕ ಮಾತ್ರ ಕೆಳಗಿಳಿಯುತ್ತದೆ. ಮಾನಿಟರಿಂಗ್ ಸಾಫ್ಟ್‌ವೇರ್ ಮಾತ್ರ ಹೊಸ ವೇಗವನ್ನೇ ಜಂಭದಿಂದ ತೋರಿಸುತ್ತಿರುತ್ತದೆ. ಆಗುತ್ತಿರುವುದು ಇಷ್ಟು: ಈಗಿನ ಗ್ರಾಫಿಕ್ಸ್ ಮೆಮೊರಿ ಡೇಟಾ ಕಳಿಸುವಾಗ ತಪ್ಪಾಯಿತಾ ಅಂತ ಪರೀಕ್ಷಿಸುತ್ತದೆ, ತಪ್ಪಾಗಿದ್ದರೆ ಮತ್ತೆ ಕಳಿಸುತ್ತದೆ. ಮತ್ತೆ ಮತ್ತೆ ಕಳಿಸುವುದರಲ್ಲೇ ಹೊತ್ತು ಹೋಗುತ್ತದೆ. ಅಂಕ ಬಗ್ಗುವ ಆ ತಿರುವೇ ನಿಜವಾದ ಮಿತಿ. ಪ್ರೊಸೆಸರಿನಲ್ಲೂ ಇದರ ತಮ್ಮನೊಬ್ಬ ಇದ್ದಾನೆ. ರೈಜನ್‌ಗೆ ವೋಲ್ಟೇಜ್ ಸಾಲದೆ ಹೋದರೆ ಅದು ತಾಳವನ್ನೇ ಎಳೆದು ಉದ್ದ ಮಾಡಿಕೊಳ್ಳುತ್ತದೆ. ಪರದೆಯಲ್ಲಿ ಹಳೆಯ ಗಿಗಾಹರ್ಟ್ಸೇ ಕಾಣುತ್ತದೆ, ಕೆಲಸ ಮಾತ್ರ ಕಮ್ಮಿ ಆಗಿರುತ್ತದೆ. ಹಾಗಾಗಿ ಗಿಗಾಹರ್ಟ್ಸ್ ನೋಡಿ ಸಂತೋಷಪಡುವವರನ್ನು ಕಂಡರೆ, ಸ್ವಾಮೀ, ಅಂಕ ಎಷ್ಟು ಬಂತು ಹೇಳಿ ಅನ್ನಬೇಕು ಅನಿಸುತ್ತದೆ.

ಅಳತೆಗೋಲೇ ಕೈಕೊಟ್ಟ ಉದಾಹರಣೆಯೂ ಇದೆ. 2013ರ ಆಗಸ್ಟ್‌ನಲ್ಲಿ, ಓವರ್‌ಕ್ಲಾಕಿಂಗ್ ದಾಖಲೆಗಳನ್ನು ಇಡುವ ಹೆಚ್‌ಡಬ್ಲ್ಯೂಬಾಟ್, ವಿಂಡೋಸ್ 8ರಲ್ಲಿ ಮಾಡಿದ ಅಂಕಗಳನ್ನು ತಡೆಹಿಡಿಯಿತು. ವಿಂಡೋಸ್ ಓಡುತ್ತಿರುವಾಗಲೇ ಬೇಸ್ ಕ್ಲಾಕ್ ಬದಲಾಯಿಸಿದರೆ, ಆ ಆಪರೇಟಿಂಗ್ ಸಿಸ್ಟಮ್ಮಿನ ಗಡಿಯಾರವೇ ಹಿಂದೆ ಮುಂದೆ ಆಗುತ್ತಿತ್ತು. ಬೇಸ್ ಕ್ಲಾಕ್ ಇಳಿಸಿದರೆ ಗಡಿಯಾರ ನಿಧಾನ. ಗಡಿಯಾರ ನಿಧಾನ ಆದರೆ ಕೆಲಸ ಬೇಗ ಮುಗಿದ ಹಾಗೆ ಲೆಕ್ಕ! ಯಂತ್ರ ನಿಜವಾಗಿ ನಿಧಾನವಾದಾಗಲೂ ಅಂಕ ಏರುತ್ತಿತ್ತು. ಯಾರೂ ಮೋಸ ಮಾಡಬೇಕಾಗಿಯೇ ಇರಲಿಲ್ಲ.

ಬೇಕಂತಲೇ ಮಾಡಿದ್ದೂ ಉಂಟು. 2001ರಲ್ಲಿ ಎಟಿಐ ರೇಡಿಯಾನ್ 8500 ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್), ಓಡುತ್ತಿರುವ ಆಟದ ಫೈಲ್ ಹೆಸರಲ್ಲಿ 'ಕ್ವೇಕ್' ಇದೆಯಾ ಅಂತ ನೋಡುತ್ತಿತ್ತು. ಆ ಪದವನ್ನು 'ಕ್ವ್ಯಾಕ್' ಅಂತ ಬದಲಾಯಿಸಿ ಓಡಿಸಿದವರಿಗೆ ಫ್ರೇಮುಗಳು ಕಮ್ಮಿಯಾದವು, ಚಿತ್ರ ಸ್ಪಷ್ಟವಾಯಿತು. 2003ರಲ್ಲಿ 3ಡಿಮಾರ್ಕ್ ಮಾಡುವ ಫಿನ್ಲೆಂಡಿನ ಫ್ಯೂಚರ್‌ಮಾರ್ಕ್ ಎನ್‌ವಿಡಿಯಾ ಡ್ರೈವರ್ ಮೇಲೆ ಬೆರಳು ಮಾಡಿತು. ಟೆಸ್ಟಿನಲ್ಲಿ ಕ್ಯಾಮೆರಾ ಹೋಗುವ ದಾರಿ ಮೊದಲೇ ಗೊತ್ತಲ್ಲ, ಆ ದಾರಿಯಲ್ಲಿ ಕಾಣದ ಜಾಗವನ್ನು ಬಿಡಿಸದೆ ಬಿಡುತ್ತಿದೆ ಅಂತ. ಮುಂದಿನ ತಿಂಗಳೇ ಎರಡೂ ಕಂಪನಿಗಳು ಸೇರಿ, ಇದು ಮೋಸ ಅಲ್ಲ, ಆ ಪ್ರೋಗ್ರಾಮಿಗೆಂದೇ ಮಾಡಿದ ಆಪ್ಟಿಮೈಸೇಶನ್ ಅಂತ ಹೇಳಿಕೆ ಕೊಟ್ಟವು. ಆ ಹೇಳಿಕೆಯನ್ನು ಯಾವಾಗ ಓದಿದರೂ ನನಗೆ ನಗು ಬರುತ್ತದೆ.

ಅಂಕ ನಿಜ ಅಂತಲೇ ಇಟ್ಟುಕೊಳ್ಳೋಣ. ಯಂತ್ರ ಗಟ್ಟಿ ಇದೆ ಅಂತ ಹೇಗೆ ಗೊತ್ತಾಗಬೇಕು? ಇದಕ್ಕೆ ಹಳೆಯ ಕಾಲದಿಂದ ಇರುವ ಉತ್ತರ ಪ್ರೈಮ್95. ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಗಿಂಪ್ಸ್ ಅನ್ನುವ ಯೋಜನೆ 1996ರಲ್ಲಿ ಶುರುವಾಯಿತು. ಅದರ ಪ್ರೋಗ್ರಾಮ್ ಇದು. ತಿಂಗಳುಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೂ ಎಲ್ಲಾ ಹಾಳು. ಅದಕ್ಕೇ ಅದು ಹೆಜ್ಜೆಹೆಜ್ಜೆಗೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅದರ ಟಾರ್ಚರ್ ಟೆಸ್ಟ್ ಓಡಿಸಿದರೆ ಫ್ಯಾನ್ ಕಿರುಚಲು ಶುರು. ಒಂದು ಕಿಟಕಿಯಲ್ಲಿ ಕೆಲಸಗಾರರು ಸಾಲಾಗಿ ನಿಂತಿರುತ್ತಾರೆ, ಕೋರಿಗೊಬ್ಬ. ಯಾರೋ ಒಬ್ಬನ ಸಾಲಿನಲ್ಲಿ, 0.4ಕ್ಕಿಂತ ಕಮ್ಮಿ ಇರಬೇಕಾದ ರೌಂಡಿಂಗ್ ದೋಷ 0.5 ಆಗಿದೆ ಅಂತ ಬರುತ್ತದೆ, ಆ ಕೆಲಸಗಾರ ನಿಲ್ಲುತ್ತಾನೆ. ಉಳಿದವರು ಏನೂ ಆಗದ ಹಾಗೆ ಮುಂದುವರಿಯುತ್ತಾರೆ. ನೋಡಿ, ಕ್ರ್ಯಾಶ್ ಆಗಲಿಲ್ಲ, ಬ್ಲೂ ಸ್ಕ್ರೀನ್ ಬರಲಿಲ್ಲ. ಒಂದು ಲೆಕ್ಕ ತಪ್ಪಿತು ಅಷ್ಟೇ. ಪ್ರೈಮ್95 ಇಲ್ಲದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದರ ಕಣ್ಣು ಎಷ್ಟು ಚುರುಕು ಅಂದರೆ, ಕಾರ್ಖಾನೆಯ ತಪ್ಪನ್ನೂ ಹಿಡಿದಿದೆ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳು ಓವರ್‌ಕ್ಲಾಕ್ ಮಾಡದೇ ಇದ್ದರೂ ಪ್ರೈಮ್95ರ ಒಂದು ಬಗೆಯ ಲೆಕ್ಕದಲ್ಲಿ ಸ್ತಬ್ಧವಾಗುತ್ತಿದ್ದವು. 2016ರ ಜನವರಿಯಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ಬಯೋಸ್ ಮೂಲಕ ಸರಿಪಡಿಸಿತು.

ಆದರೆ ಪ್ರೈಮ್95 ರಾತ್ರಿಯಿಡೀ ಓಡಿತು, ಹಾಗಾಗಿ ಯಂತ್ರ ಗಟ್ಟಿ ಅನ್ನುವುದಕ್ಕೆ ಆಗುವುದಿಲ್ಲ. ಈ ರಾತ್ರಿ, ಈ ಲೆಕ್ಕದಲ್ಲಿ, ತಪ್ಪು ಸಿಗಲಿಲ್ಲ ಅನ್ನಬಹುದು ಅಷ್ಟೇ. ರೈಜನ್ 5000ದಿಂದ ಬಂದ ಕರ್ವ್ ಆಪ್ಟಿಮೈಸರ್ (ಒಂದೊಂದು ಕೋರಿನ ವೋಲ್ಟೇಜನ್ನೂ ಬೇರೆಬೇರೆಯಾಗಿ ಇಳಿಸುವ ಸೆಟ್ಟಿಂಗ್) ಬಳಸಿದವರಿಗೆ ಇದು ಚೆನ್ನಾಗಿ ಗೊತ್ತು. ಭಾರದ ಕೆಲಸದಲ್ಲಿ ಚಿಪ್ ನಿಧಾನವಾಗಿ, ಎಚ್ಚರಿಕೆಯಿಂದ ಓಡುತ್ತದೆ. ಕೆಲಸ ಇಲ್ಲದಾಗ, ಒಂದೇ ಕೋರ್ ಒಂದು ಕ್ಷಣಕ್ಕೆ ತುತ್ತತುದಿಗೆ ಜಿಗಿಯುತ್ತದೆ. ಅಲ್ಲೇ ಎಡವುವುದು. ರಾತ್ರಿಯೆಲ್ಲಾ ಟಾರ್ಚರ್ ತಡೆದ ಯಂತ್ರ ಬೆಳಗ್ಗೆ ಯಾರೂ ಮುಟ್ಟದೆ ರೀಸ್ಟಾರ್ಟ್ ಆಗಿರುತ್ತದೆ.

ರ‍್ಯಾಮ್ ಓವರ್‌ಕ್ಲಾಕಿಂಗ್ ಬಗ್ಗೆ ನನಗೆ ಪ್ರೀತಿಯೂ ಇದೆ, ಭಯವೂ ಇದೆ. ಪ್ರೀತಿ ಯಾಕೆಂದರೆ ಅಲ್ಲಿ ಇನ್ನೂ ಸಂಪಾದನೆಗೆ ಜಾಗ ಇದೆ. ಡಬ್ಬಿಯ ಮೇಲಿನ ದೊಡ್ಡ ನಂಬರಿಗೆ ಮರುಳಾಗಬೇಡಿ. ಡಿಡಿಆರ್4-3200, ಸಿಎಲ್ (ಡೇಟಾ ಕೇಳಿದ ಮೇಲೆ ಕಾಯಬೇಕಾದ ತಾಳ) 16: ಒಂದು ತಾಳಕ್ಕೆ ಎರಡು ಸಲ ಡೇಟಾ ಹೋಗುವುದರಿಂದ ಅಸಲಿ ಕ್ಲಾಕ್ 1600 ಮೆಗಾಹರ್ಟ್ಸ್, ಒಂದು ತಾಳಕ್ಕೆ 0.625 ನ್ಯಾನೊಸೆಕೆಂಡ್, 16 ತಾಳಕ್ಕೆ 10. ಡಿಡಿಆರ್5-6000, ಸಿಎಲ್ 30: ಲೆಕ್ಕ ಹಾಕಿ ನೋಡಿ, ಅದೂ 10. ತಲೆಮಾರು ಬದಲಾಗಿ, ಒಮ್ಮೆಗೆ ಹರಿಯುವ ಡೇಟಾ ಸುಮಾರು ಎರಡು ಪಟ್ಟಾಗಿದ್ದರೂ, ಮೊದಲ ತುಣುಕಿಗೆ ಕಾಯುವ ಹೊತ್ತು ಅಷ್ಟೇ ಇದೆ. ಆ ಹತ್ತನ್ನು ಒಂಬತ್ತು ಮಾಡುವುದು, ಸಿಎಲ್ ಬಿಟ್ಟು ಅದರ ಕೆಳಗಿರುವ ಡಜನ್‌ಗಟ್ಟಲೆ ಸಣ್ಣ ಟೈಮಿಂಗ್‌ಗಳನ್ನು ಒಂದೊಂದಾಗಿ ಬಿಗಿ ಮಾಡುವುದು, ತಾಳ್ಮೆಯ ಕೆಲಸ. ಭಯ ಯಾಕೆಂದರೆ ರ‍್ಯಾಮ್‌ನ ತಪ್ಪು ಸದ್ದು ಮಾಡುವುದಿಲ್ಲ. ಕಾಪಿ ಮಾಡುತ್ತಿದ್ದ ಫೈಲಿನಲ್ಲಿ ಒಂದು ಬಿಟ್ ತಿರುಗಿ ಬೀಳುತ್ತದೆ, ಅದು ಹಾಗೇ ಡಿಸ್ಕಿಗೆ ಹೋಗಿ ಕೂರುತ್ತದೆ. ತಿಂಗಳುಗಳ ಮೇಲೆ ತೆರೆದಾಗ ಫೋಟೊದ ಅರ್ಧ ಬೂದು.

ಇದರ ಇನ್ನೊಂದು ತುದಿಯಲ್ಲಿ ದ್ರವ ನೈಟ್ರೋಜನ್‌ನವರು ಇದ್ದಾರೆ. ಪ್ರೊಸೆಸರ್ ಮೇಲೆ ತಾಮ್ರದ ಲೋಟ ಕೂರಿಸಿ, ಅದರೊಳಗೆ −196 ಡಿಗ್ರಿಯಲ್ಲಿ ಕುದಿಯುವ ನೈಟ್ರೋಜನ್ ಸುರಿಯುತ್ತಾರೆ. ಗಾಳಿಯ ತೇವ ಮಂಜಾಗಿ ಬೋರ್ಡ್ ಮೇಲೆ ಕೂತು ಶಾರ್ಟ್ ಆಗದಿರಲಿ ಅಂತ ಸುತ್ತಲೂ ವ್ಯಾಸಲೀನ್ ಬಳಿಯುತ್ತಾರೆ. ಕೆಲವು ಚಿಪ್ಪುಗಳು ಒಂದು ಮಟ್ಟಕ್ಕಿಂತ ತಣ್ಣಗಾದರೆ ಆನ್ ಆಗುವುದೇ ಇಲ್ಲ. ಆಗ ಅದೇ ಲೋಟಕ್ಕೆ ಬ್ಲೋ ಟಾರ್ಚ್ ಹಿಡಿದು ಬಿಸಿ ಮಾಡಬೇಕು! 2011ರಲ್ಲಿ ದ್ರವ ಹೀಲಿಯಂ ಸುರಿದು ಎಎಮ್‌ಡಿ ಎಫ್‌ಎಕ್ಸ್-8150ಯನ್ನು 8.429 ಗಿಗಾಹರ್ಟ್ಸ್‌ಗೆ ತಂದರು. ಗಿನ್ನೆಸ್ ದಾಖಲೆ ಆಯಿತು. 2022ರ ಕೊನೆಗೆ ಇಂಟೆಲ್ ಐ9-13900ಕೆ 9 ಗಿಗಾಹರ್ಟ್ಸ್ ದಾಟಿತು. ಇಂಥ ದಾಖಲೆ ಓಟಗಳಲ್ಲಿ ಹೆಚ್ಚಿನ ಕೋರುಗಳನ್ನು ಆರಿಸಿರುತ್ತಾರೆ. ವೇಗ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಮಿನಲ್ಲಿ ದಾಖಲೆ ಸೇವ್ ಆಗುವಷ್ಟು ಹೊತ್ತು ಯಂತ್ರ ಬದುಕಿದ್ದರೆ ಸಾಕು. ಕೈಚಳಕಕ್ಕೆ ನನ್ನ ನಮಸ್ಕಾರ ಇದೆ. ಆದರೆ ಆ ನಂಬರ್ ಹೇಳುವುದು ಆ ಒಂದು ಗಳಿಗೆಯ ಬಗ್ಗೆ ಮಾತ್ರ. ನನಗೆ ಬೇಕಿರುವುದು ನಾಳೆಯೂ ಬರುವ ನಂಬರು. ಇಬ್ಬರೂ ಓವರ್‌ಕ್ಲಾಕರುಗಳೇ, ಆಟ ಬೇರೆ ಬೇರೆ.

ಈಚೆಗೆ ನಾನು ಜಾಸ್ತಿ ಹೊತ್ತು ಕಳೆಯುವುದು ಉಲ್ಟಾ ದಿಕ್ಕಿನಲ್ಲಿ. ವೇಗ ಹಾಗೇ ಇಟ್ಟು ವೋಲ್ಟೇಜ್ ಇಳಿಸುವುದು. ಮೇಲಿನ ವರ್ಗದ ಲೆಕ್ಕ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ವೋಲ್ಟೇಜ್ ಚೂರು ಇಳಿದರೂ ಬಿಸಿ ಗಣನೀಯವಾಗಿ ಇಳಿಯುತ್ತದೆ, ಬಿಸಿ ಇಳಿದಾಗ ಟರ್ಬೊ ತಾನಾಗಿ ಮೇಲೇರುತ್ತದೆ, ಫ್ಯಾನ್ ತೆಪ್ಪಗಾಗುತ್ತದೆ. ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಇಟ್ಟಿದ್ದೇನೆ. ಒಂದು ಅಂಕಕ್ಕೆ, ಅದನ್ನು ಹಾಕಿದಾಗ ವಿಂಡೋಸ್ ಬೇರೆ ಡಿಸ್ಕಿನಿಂದ ಶುರುವಾಗುತ್ತದೆ, ಅಲ್ಲಿ ನನ್ನ ಒಂದು ಫೈಲೂ ಇಲ್ಲ. ಇನ್ನೊಂದು ದಿನಬಳಕೆಗೆ, ಮಿತಿ ಸಿಕ್ಕ ಜಾಗದಿಂದ ಎರಡು ಹೆಜ್ಜೆ ಹಿಂದೆ. ಸದ್ಯ ಈ ಎರಡನೆಯದರಲ್ಲಿ ಒಂದು ಕೋರ್ ತಕರಾರು ಮಾಡುತ್ತಿದೆ. ಕರ್ವ್ ಆಪ್ಟಿಮೈಸರಿನಲ್ಲಿ −20 ಕೊಟ್ಟರೆ ಟೆಸ್ಟ್ ಎಲ್ಲಾ ಪಾಸು, ಆದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ಅಲ್ಲಿ ವಿಯಾ (WHEA) ಎರರ್, ಅಂದರೆ ಹಾರ್ಡ್‌ವೇರ್ ತಪ್ಪಿನ ದೂರು, ಒಂದು ತಣ್ಣಗೆ ಕೂತಿರುತ್ತದೆ. ಈ ವಾರ −15 ಹಾಕಿ, ಟೆಸ್ಟ್ ಏನೂ ಓಡಿಸದೆ, ಬರೀ ಬ್ರೌಸರ್ ತೆರೆದಿಟ್ಟು ನೋಡಬೇಕು.